ಗೇಣು ನೀರಿನ ದೋಣಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ನಮ್ಮ ಹರಿಗೋಲು ಊರ ಕೆಳಗಿನ ಬೇವಿನ ಮರಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ತೇಲುತ್ತಿತ್ತು. ಜಲಾಶಯ ತುಂಬಿ ತುಳುಕುತ್ತಿದ್ದ ಕಾಲವದು. ಗೇಟಿನ ಜಾಗದಲ್ಲಿ ತಾತ್ಕಾಲಿಕ ತಡೆ ಇಳಿಸಬೇಕಾದರೆ ನೀರಿನ ಒತ್ತಡ ಕಡಿಮೆಯಾಗಬೇಕು ಎಂದು ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಡೆಯ ಮೊದಲ ಭಾಗವನ್ನು ಇಳಿಸುವ ಹೊತ್ತಿಗೆ, ಅಂದರೆ ಒಂದೇ ವಾರದಲ್ಲಿ, ನಮ್ಮ ಹರಿಗೋಲು ಒಣಗುತ್ತಿದ್ದ ಕೆಸರಿನ ಮೇಲೆ ಬೋರಲು ಹಾಕಿದ ಬುಟ್ಟಿಯಂತೆ ಕುಳಿತಿತ್ತು ಮತ್ತು ನೀರಿನ ಅಂಚು ಅಲ್ಲಿಂದ ಅರ್ಧ ಕಿಲೋಮೀಟರು ಆಚೆಗೆ ಸರಿದಿತ್ತು. ಅದನ್ನು ನಾನೂ ನನ್ನ ಕಾಕಾನೂ ತಲೆಯ ಮೇಲೆ ಹೊತ್ತುಕೊಂಡು ನೀರಿನವರೆಗೆ ನಡೆದೆವು. ದಾರಿಯಲ್ಲಿ ಮೂರು ಸಲ ಇಳಿಸಿ ದಣಿವಾರಿಸಿಕೊಂಡ ಕಾಕಾ, ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ, "ತಮ್ಮಾ, ಇನ್ನ ಇಂಜಿನ್ ಇರೂ ದೋಣಿ ನೋಡೋಣು" ಎಂದರು.

ನಮ್ಮ ಊರು ಕೊಪ್ಪಳ ತಾಲ್ಲೂಕಿನಲ್ಲಿ, ಮುನಿರಾಬಾದಿನಿಂದ ಪಡುವಣಕ್ಕೆ, ಹಿನ್ನೀರಿನ ಎಡದಂಡೆಯಲ್ಲಿದೆ. ನಾವು ಗಂಗಾಮತಸ್ಥರು, ಬಲೆ ಮತ್ತು ಹರಿಗೋಲು ಎರಡೂ ಅಜ್ಜನ ಕಾಲದಿಂದ ಬಂದವು. ಸಂಜೆ ಬಲೆ ಬಿಟ್ಟು, ಬೆಳಗಿನ ಜಾವ ಎತ್ತಿ, ಕಾಟ್ಲಾ, ರೋಹು, ಜಿಲೇಬಿ, ಅದೃಷ್ಟವಿದ್ದರೆ ಒಂದೆರಡು ಬಾಳೆ ಮೀನು, ಇವನ್ನು ಏಳು ಗಂಟೆಯೊಳಗೆ ದಂಡೆಗೆ ತರುವುದು ನಮ್ಮ ಕೆಲಸ. ಅಣೆಕಟ್ಟಿನ ಕೆಳಗಿನ ಹೊಳೆ ನಮಗೆ ಸಂಬಂಧಿಸಿದ್ದಲ್ಲ. ಅಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ. ನಮ್ಮದು ಏನಿದ್ದರೂ ಹಿನ್ನೀರಿನ ಅಂಚು, ಆಳ ಕಡಿಮೆಯಿರುವ ನೀರು.

ಈ ಅಂಚಿನ ಸ್ವಭಾವವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ದೋಣಿಯನ್ನು ಆರಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ಈ ಅಂಚೇ ಅದನ್ನು ಆರಿಸಿತು. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಆ ಮಟ್ಟದಲ್ಲಿ ನೀರು ಸುಮಾರು 378 ಚದರ ಕಿಲೋಮೀಟರಿನಷ್ಟು ಹರಡಿಕೊಳ್ಳುತ್ತದೆ. ಆದರೆ ಅದರಲ್ಲಿ ಬಹುಪಾಲು ಒಂದು ಕಾಲದ ಹೊಲಗಳು, ಅಂದರೆ ಸಪಾಟು ನೆಲ. ಸಪಾಟು ನೆಲದ ಮೇಲೆ ನೀರು ಒಂದು ಅಡಿ ಇಳಿದರೆ ದಂಡೆ ನೂರಾರು ಅಡಿ ಹಿಂದೆ ಸರಿಯುತ್ತದೆ. 1953ರಲ್ಲಿ ಕಟ್ಟಿ ಮುಗಿಸಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ 105 ಟಿಎಂಸಿ ಅಡಿಯ ಆಸುಪಾಸಿಗೆ ಬಂದು ನಿಂತಿದೆ. ಕಳೆದುಹೋದ ಅಷ್ಟೂ ಜಾಗವನ್ನು ಹೂಳು ತುಂಬಿಕೊಂಡಿದೆ. ಪತ್ರಿಕೆಯಲ್ಲಿ ಇದನ್ನು ರೈತರ ನೀರಿನ ಲೆಕ್ಕವಾಗಿ ಓದುತ್ತೇವೆ. ನಮಗೆ ಅದು ಮೊಣಕಾಲು ಮಟ್ಟದ ಕೆಸರಿನ ಲೆಕ್ಕ. ಕೆಸರಿನ ಕೆಳಗೆ ಹಳೆಯ ಹೊಲಗಳ ಬದುಗಳಿವೆ, ಮುಳುಗಿದ ಊರುಗಳ ಕಲ್ಲುಗೋಡೆಗಳ ಬುಡಗಳಿವೆ, ಕಡಿದುಬಿಟ್ಟ ಮರಗಳ ಕೊರಡುಗಳಿವೆ. ಎಲ್ಲಕ್ಕಿಂತ ಕಿರುಕುಳ ಕೊಡುವುದು ಬಳ್ಳಾರಿ ಜಾಲಿ. ನೀರು ಹಿಂದೆ ಸರಿದ ತಿಂಗಳುಗಳಲ್ಲಿ ಅದು ತೆರೆದ ನೆಲದಲ್ಲಿ ಎದೆಯೆತ್ತರ ಬೆಳೆದುನಿಲ್ಲುತ್ತದೆ, ಮತ್ತೆ ನೀರು ಬಂದಾಗ ಮುಳ್ಳುಸಮೇತ ಮುಳುಗಿ ಕಣ್ಣಿಗೆ ಕಾಣದಂತೆ ಕಾಯುತ್ತಿರುತ್ತದೆ. ಮೀನಿಗೂ ಆ ಜಾಗವೇ ಪ್ರಿಯ. ಆದ್ದರಿಂದ ಬಲೆಯನ್ನೂ ಅದರ ಪಕ್ಕದಲ್ಲೇ ಬಿಡಬೇಕು.

ಇಂಥಲ್ಲಿ ಹರಿಗೋಲಿಗೆ ಸಮಾನವಾದದ್ದು ಇಲ್ಲ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಬಿದಿರಿನ ಸೀಳುಗಳ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಇಬ್ಬರು ಕುಳಿತು ಒದ್ದೆ ಬಲೆ ಹಾಕಿಕೊಂಡರೂ ಅದು ನೀರಿನಲ್ಲಿ ನಾಲ್ಕು ಬೆರಳಿನಷ್ಟೇ ಕೂರುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಬುಟ್ಟಿದೋಣಿಯನ್ನು ನೋಡಿ, ಹೊರಗೆ ಚರ್ಮ ಹೊದಿಸಿದ ಅದರಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ಅದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟಿದ್ದಾನೆ. ಆನೆಗುಂದಿಯಲ್ಲಿ ಒಬ್ಬ ಮಾರ್ಗದರ್ಶಿ ಪ್ರವಾಸಿಗರಿಗೆ ಇದನ್ನು ವಿವರಿಸುತ್ತಿದ್ದಾಗ ಪಕ್ಕದಲ್ಲಿದ್ದ ಕಾಕಾ, "ಐನೂರು ವರ್ಷ ಆತು, ಇನ್ನೂ ನೆಟ್ಟಗಾಗಿಲ್ಲ ನೋಡು" ಎಂದು ನಕ್ಕಿದ್ದರು. ಸುತ್ತುವ ದೋಣಿಯನ್ನು ಅರ್ಧ ಗಂಟೆ ಹುಟ್ಟು ಹಾಕಿ ನಡೆಸಬಹುದು. ದಂಡೆ ದೂರ ಸರಿದು ಆ ಅರ್ಧ ಗಂಟೆ ಒಂದೂವರೆ ಗಂಟೆಯಾದಾಗ, ಎದುರಿಗೆ ಗಾಳಿಯೂ ಇದ್ದಾಗ, ಮೀನು ದಂಡೆಗೆ ಬರುವಷ್ಟರಲ್ಲಿ ವ್ಯಾಪಾರಿ ಹೊರಟುಹೋಗಿರುತ್ತಾನೆ.

ಕಾಕಾ ಹಾಕಿದ ಷರತ್ತು ಒಂದೇ: "ಗೇಣು ನೀರಾಗ ಹೋಗಬೇಕು. ಹೋಗಲಿಲ್ಲಂದ್ರ ನಂಗ ಬ್ಯಾಡ." ಗೇಣೆಂದರೆ ಹೆಚ್ಚುಕಡಿಮೆ ಒಂಬತ್ತು ಇಂಚು. ಅಷ್ಟೇನು ದೊಡ್ಡ ಬೇಡಿಕೆಯಲ್ಲ ಎಂದುಕೊಂಡು ನಾನು ಹುಡುಕಾಟ ಆರಂಭಿಸಿದೆ. ಮುಗಿಯಲು ಏಳು ತಿಂಗಳು ಹಿಡಿಯಿತು.

ಮೊದಲು ಅಳಿಯ ಮೊಬೈಲಿನಲ್ಲಿ ಗಾಳಿ ತುಂಬುವ ರಬ್ಬರ್ ದೋಣಿಗಳನ್ನು ತೋರಿಸಿದ. ಬಳ್ಳಾರಿ ಜಾಲಿಯ ಒಂದು ಮುಳ್ಳನ್ನು ಅವನ ಕೈಗೆ ಕೊಟ್ಟೆ. ಆ ವಿಷಯ ಅಲ್ಲಿಗೆ ಮುಗಿಯಿತು. ಅಲ್ಯೂಮಿನಿಯಂ ದೋಣಿ ನನಗೆ ನಿಜವಾಗಿಯೂ ಇಷ್ಟವಾಗಿತ್ತು. ಅದು ಹಗುರ, ಕಲ್ಲಿಗೆ ಬಡಿದರೆ ಒಡೆಯದೆ ನಗ್ಗುತ್ತದೆ. ಆದರೆ ಬೆಸುಗೆ ಬಿಟ್ಟರೆ ಅಲ್ಯೂಮಿನಿಯಂ ಬೆಸೆಯುವವರನ್ನು ಹುಡುಕಿಕೊಂಡು ಹೋಗಬೇಕು, ಖಾಲಿ ದೋಣಿಯೊಳಗೆ ಬಲೆಯ ಗುಂಡು ಬಿದ್ದರೂ ತಗಡಿನ ಡಬ್ಬಿಯಂತೆ ಸದ್ದಾಗುತ್ತದೆ, ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಿಗೆ ಅದರ ಮೇಲೆ ಕೂರುವ ಮಾತೇ ಇಲ್ಲ. ಫೈಬರ್ ದೋಣಿಯಾದರೆ ಒಡೆದ ಜಾಗಕ್ಕೆ ಗಾಜಿನ ನಾರಿನ ಮ್ಯಾಟ್ ಮತ್ತು ರಾಳ ಹಚ್ಚಿ ನಾವೇ ಸರಿಮಾಡಿಕೊಳ್ಳಬಹುದು. ಹಾಗಾಗಿ ವಸ್ತು ಯಾವುದೆಂಬ ಪ್ರಶ್ನೆ ಬೇಗ ಬಗೆಹರಿಯಿತು. ಆಕಾರ ಯಾವುದೆಂಬ ಪ್ರಶ್ನೆ ಬಗೆಹರಿಯಲಿಲ್ಲ.

ಒಳ್ಳೆಯ ಫೈಬರ್ ದೋಣಿ ಬೇಕಾದರೆ ಕರಾವಳಿಗೆ ಹೋಗಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ಹುಬ್ಬಳ್ಳಿಯ ಮೇಲೆ ಬಸ್ಸು ಹಿಡಿದು ಉತ್ತರ ಕನ್ನಡದ ಒಂದು ದೋಣಿ ಕಟ್ಟುವ ಅಂಗಳಕ್ಕೆ ಹೋದೆವು. ಹದಿನೆಂಟು ಅಡಿಯ, ಮೂತಿ ಎತ್ತರವಿದ್ದ, ತಳ ಇಂಗ್ಲಿಷಿನ ವಿ ಅಕ್ಷರದಂತಿದ್ದ ದೋಣಿಗಳು ಸಾಲಾಗಿ ನಿಂತಿದ್ದವು. ನೋಡಲು ಬಲು ಚೆಂದ. ಕಾಗದದಲ್ಲಿ "ಮುಳುಗುವ ಆಳ 8 ಇಂಚು" ಎಂದಿತ್ತು. ಗೇಣಿಗಿಂತ ಒಂದಿಂಚು ಕಡಿಮೆಯೇ ಆಯಿತಲ್ಲ ಎಂದು ನಾನು ಹಿಗ್ಗಿದೆ. ಕಾಕಾ ಮಾತ್ರ ದೋಣಿಯ ಸುತ್ತ ಒಂದು ಸುತ್ತು ಬಂದು, ಅಂಗಳದ ಮೇಸ್ತ್ರಿಯನ್ನು, "ಅಣ್ಣಾರ, ಇದು ಎಂಟು ಇಂಚು ಯಾರು ಕುಂತಾಗ?" ಎಂದು ಕೇಳಿದರು. ಮೇಸ್ತ್ರಿ ಸತ್ಯವಂತ. ಅದು ಖಾಲಿ ದೋಣಿಯ ಲೆಕ್ಕ, ಇಂಜಿನ್ ಇಲ್ಲದೆ, ಆಳುಗಳಿಲ್ಲದೆ ಎಂದು ಒಪ್ಪಿಕೊಂಡರು. ಜೊತೆಗೆ, ಈ ತಳವಿರುವುದು ಅಲೆಯನ್ನು ಸೀಳುವುದಕ್ಕೆ, ಸಮುದ್ರದಲ್ಲಿ ಇದಿಲ್ಲದಿದ್ದರೆ ದೋಣಿ ಬಡಿದು ಬಡಿದು ಬೆನ್ನು ಮುರಿಯುತ್ತದೆ, ನಿಮ್ಮ ಕೆರೆಯಂಥ ನೀರಿಗೆ ಇದು ಯಾಕೆ ಎಂದೂ ಕೇಳಿದರು. ಅಳಿವೆಯ ಹತ್ತಿರ ಅವರದೇ ಒಂದು ದೋಣಿಯಲ್ಲಿ ನಮ್ಮಿಬ್ಬರನ್ನೂ ಇನ್ನಿಬ್ಬರನ್ನೂ ಕೂರಿಸಿ, ಇಂಜಿನ್ ಮೇಲೆತ್ತಿ, ನಾನು ತಂದಿದ್ದ ಟೇಪಿನಿಂದ ಅಳೆಯಲು ಬಿಟ್ಟರು. ಹನ್ನೊಂದು ಇಂಚು ಬಂತು. ಇಂಜಿನ್ ಇಳಿಸಿದರೆ ಎರಡು ಅಡಿ ದಾಟುತ್ತಿತ್ತು. ನಾವು ಅಲ್ಲಿ ಕೊಂಡದ್ದು ಏನೂ ಇಲ್ಲ, ಕಲಿತದ್ದು ಮಾತ್ರ ಆ ಏಳು ತಿಂಗಳಲ್ಲೇ ಹೆಚ್ಚಿನದು.

ನಡುವೆ ಒಮ್ಮೆ ಕೈಯನ್ನೂ ಸುಟ್ಟುಕೊಂಡೆ. ಹಳೆಯ ದೋಣಿಗಳನ್ನು ಮಾರಿಸಿಕೊಡುವ ಒಬ್ಬ ದಲ್ಲಾಳಿ ಹದಿನೈದು ಅಡಿಯ ಚಪ್ಪಟೆ ತಳದ ದೋಣಿಯೊಂದನ್ನು ತೋರಿಸಿದ, ನಾನು ಐದು ಸಾವಿರ ಮುಂಗಡ ಕೊಟ್ಟೆ. ಮರುದಿನ ಕಾಕಾ ಬಂದು ಹತ್ತು ರೂಪಾಯಿ ನಾಣ್ಯದಿಂದ ದೋಣಿಯ ಮೈಯನ್ನೆಲ್ಲ ತಟ್ಟುತ್ತ ಹೋದರು. ಪದರಗಳು ಒಂದಕ್ಕೊಂದು ಅಂಟಿಕೊಂಡಿರುವ ಕಡೆ ನಾಣ್ಯದ ಸದ್ದು ಟಣ್ಣೆಂದು ಕೇಳುತ್ತದೆ, ಪದರ ಬಿಟ್ಟ ಕಡೆ ಒದ್ದೆ ಹಲಗೆಯನ್ನು ತಟ್ಟಿದಂತೆ ಮಂಕಾಗಿ ಕೇಳುತ್ತದೆ. ಇಂಜಿನ್ ಕೂರಿಸುವ ಹಿಂಬದಿಯ ಹಲಗೆ ಪೂರ್ತಿ ಮಂಕು. ಫೈಬರಿನೊಳಗೆ ಇಟ್ಟಿದ್ದ ಮರ ಕೊಳೆತಿತ್ತು. ಬೋಲ್ಟಿನ ತೂತಿನಲ್ಲಿ ತಂತಿ ಹಾಕಿ ಎಳೆದರೆ ಕರಿಯ ಹುಡಿ ಬಂತು. ಮುಂಗಡ ಹಿಂದಿರುಗಲಿಲ್ಲ. ಆ ಮೇಲೆ ನಾಣ್ಯ ಜೇಬಿನಲ್ಲಿಲ್ಲದೆ ನಾನು ಯಾವ ದೋಣಿಯ ಹತ್ತಿರಕ್ಕೂ ಹೋಗಲಿಲ್ಲ.

ಕರಾವಳಿಯಿಂದ ಬಂದ ಮೇಲೆ ನಾನು ಹಳೆಯ ನೋಟುಬುಕ್ಕಿನಲ್ಲಿ ಲೆಕ್ಕಕ್ಕೆ ಕುಳಿತೆ. ಲೆಕ್ಕ ಕಷ್ಟದ್ದೇನಲ್ಲ. ದೋಣಿ ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸರಿಸಿದ ನೀರು ಅಗಲವಾಗಿ ಹಂಚಿಹೋದರೆ ಆಳ ಕಡಿಮೆ, ಇಕ್ಕಟ್ಟಾಗಿ ಹಂಚಿದರೆ ಆಳ ಹೆಚ್ಚು. ಹದಿನಾಲ್ಕು ಅಡಿ ಉದ್ದ, ತಳದಲ್ಲಿ ಮೂರೂವರೆ ಅಡಿಗಿಂತ ತುಸು ಹೆಚ್ಚು ಅಗಲವಿರುವ ಚಪ್ಪಟೆ ದೋಣಿಯ ಮೂತಿಯ ಕಡೆ ಕಿರಿದಾಗುವುದನ್ನು ಕಳೆದರೆ, ನೀರಿಗೆ ತಾಗುವ ತಳ ಸುಮಾರು ನಾಲ್ಕು ಚದರ ಮೀಟರು. ಒಂದು ಸೆಂಟಿಮೀಟರು ಕೂರಲು ನಲವತ್ತು ಕೆ.ಜಿ., ಅಂದರೆ ಒಂದು ಇಂಚಿಗೆ ನೂರು ಕೆ.ಜಿ. ನಮ್ಮ ಸಾಮಾನುಗಳನ್ನೆಲ್ಲ ಕಾಟಾಕ್ಕೆ ಹಾಕಿ ತೂಗಿದೆ. ನಾವಿಬ್ಬರು 130, ದೋಣಿ 130, ಇಂಜಿನ್ನಿಗೂ ಎಣ್ಣೆಗೂ 40, ಒದ್ದೆ ಬಲೆ 40. ಬಲೆಯನ್ನು ಒಣಗಿದಾಗ ತೂಗುವುದು ಎಲ್ಲರೂ ಮಾಡುವ ತಪ್ಪು. ನೀರು ಕುಡಿದ ಬಲೆಯೇ ದೋಣಿಗೆ ಬರುವುದು. ಐಸು ಮತ್ತು ಮೀನು ಸೇರಿ 60. ಒಟ್ಟು ನಾಲ್ಕು ನೂರು ಕೆ.ಜಿ., ನಾಲ್ಕು ಇಂಚು. ಗೇಣಿನ ಅರ್ಧಕ್ಕಿಂತ ಕಡಿಮೆ. ಕಾಕಾಗೆ ತೋರಿಸಿದೆ. ಅವರು ನೋಟುಬುಕ್ಕನ್ನು ತಿರುಗಿಸಿ ನೋಡಿ, "ಇದು ಪುಸ್ತಕದಾಗ ತೇಲತೈತಿ" ಎಂದರು.

ಅವರ ಸಂಶಯ ಸರಿಯಾಗಿಯೇ ಇತ್ತು. 2025ರ ಮಾರ್ಚಿನಲ್ಲಿ ಅಂಥದೇ ಅಳತೆಯ ಹೊಸ ದೋಣಿಯನ್ನು, ತೃಪ್ತಿಯಾಗದಿದ್ದರೆ ಹಿಂದಿರುಗಿಸುವ ಮಾತಿನ ಮೇಲೆ, ನಮ್ಮ ದಂಡೆಗೇ ತರಿಸಿಕೊಂಡೆವು. ಸಾಗಣೆಯ ಖರ್ಚು ನಮ್ಮದು. ಬೇರೆಯವರ ನೀರಿನಲ್ಲಿ ನೋಡಿ ಕೊಳ್ಳುವುದಿಲ್ಲ ಎಂದು ಕಾಕಾ ಹಟ ಹಿಡಿದದ್ದರಿಂದ ಆ ಖರ್ಚು ಅನಿವಾರ್ಯವಾಯಿತು, ಈಗ ಯೋಚಿಸಿದರೆ ಇಡೀ ವ್ಯವಹಾರದಲ್ಲಿ ಅತ್ಯಂತ ಸದುಪಯೋಗವಾದ ಹಣ ಅದೇ. ದೋಣಿಯ ಪಕ್ಕೆಯ ಮೇಲೆ ಮೂತಿಯಲ್ಲಿ, ನಡುವೆ, ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಇಂಚುಗಳ ಗುರುತು ಹಾಕಿದೆ. ಮೀನು ಮತ್ತು ಐಸಿನ ಬದಲು ತೂಗಿದ ಮರಳಿನ ಚೀಲಗಳನ್ನು ಇಟ್ಟು, ನಾವಿಬ್ಬರೂ ಬಲೆ ಎತ್ತುವಾಗ ಎಲ್ಲಿ ಕೂರುತ್ತೇವೋ ಅಲ್ಲಿಯೇ ಕುಳಿತೆವು. ಅಳಿಯ ನೀರಿನಲ್ಲಿ ನಿಂತು ಗುರುತು ಓದಿದ. ಮೂತಿಯಲ್ಲಿ ಎರಡು ಇಂಚು, ನಡುವೆ ನಾಲ್ಕು, ಹಿಂಬದಿಯಲ್ಲಿ ಆರೂವರೆ. ನನ್ನ ನಾಲ್ಕು ಇಂಚು ಸರಾಸರಿಯಾಗಿ ಸತ್ಯವಾಗಿತ್ತು, ಆದರೆ ಕೆಸರಿಗೆ ತಾಗುವುದು ಸರಾಸರಿಯಲ್ಲ. ಇಂಜಿನ್, ಎಣ್ಣೆ, ಅದನ್ನು ನಡೆಸುವ ಆಳು, ಎಲ್ಲವೂ ಹಿಂದೆಯೇ ಇದ್ದುದರಿಂದ ದೋಣಿ ಹಿಂಗಾಲು ಮಡಿಸಿ ಕುಳಿತ ಎತ್ತಿನಂತೆ ಕಾಣುತ್ತಿತ್ತು.

ಅಂದು ಮಧ್ಯಾಹ್ನವೆಲ್ಲ ತೂಕವನ್ನು ಅತ್ತಿತ್ತ ಸರಿಸುವುದರಲ್ಲಿ ಕಳೆಯಿತು. ಐಸಿನ ಪೆಟ್ಟಿಗೆಯನ್ನು ನಡುವಿನಿಂದ ಮೂತಿಗೆ ಒಯ್ದೆವು, ಬಿಡಿ ಎಣ್ಣೆಯ ಡಬ್ಬಿಯನ್ನು ಅದರ ಪಕ್ಕಕ್ಕೆ ಇಟ್ಟೆವು. ಇಂಜಿನ್ನಿನ ಹಿಡಿಗೆ ಒಂದು ಪಿವಿಸಿ ಪೈಪು ಸಿಕ್ಕಿಸಿ, ನಡೆಸುವವನು ಮೂರು ಅಡಿ ಮುಂದೆ ಕೂರುವಂತೆ ಮಾಡಿದೆವು. ಹಿಂಬದಿ ಐದು ಇಂಚಿಗೆ ಬಂತು, ಮೂತಿ ಮೂರಕ್ಕೆ. ಪೈಸೆ ಖರ್ಚಿಲ್ಲದೆ ಒಂದೂವರೆ ಇಂಚು ಗಳಿಸಿದ್ದೆವು. ತಳದ ಹಿಂಭಾಗವನ್ನು ಕಾಲುವೆಯಂತೆ ಒಳಕ್ಕೆ ತೆಗೆದು, ದೋಣಿಯನ್ನು ತಳ್ಳುವ ಇಂಜಿನ್ನಿನ ಪಂಖವನ್ನು ಅದರೊಳಗೆ ಎತ್ತಿ ಕೂರಿಸುವ ದೋಣಿಗಳೂ ಇವೆ, ಅದನ್ನು ಕೊಳ್ಳಿರಿ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಹಾಗೆ ಕಾಲುವೆ ತೆಗೆದಷ್ಟೂ ಹಿಂಬದಿಯ ತೇಲುವ ಶಕ್ತಿ ಕಡಿಮೆಯಾಗುತ್ತದೆ, ಮೊದಲೇ ಹಿಂದಕ್ಕೆ ಕೂರುವ ಪುಟ್ಟ ದೋಣಿ ಇನ್ನಷ್ಟು ಕೂರುತ್ತದೆ ಎಂಬುದು ಸೀಮೆಸುಣ್ಣದ ಗುರುತುಗಳನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು.

ಇಂಜಿನ್ನಿನ ವಿಷಯದಲ್ಲಿ ನನ್ನ ಮನಸ್ಸು ಒಂದು ಕಡೆ, ಕಾಕಾರ ಮನಸ್ಸು ಇನ್ನೊಂದು ಕಡೆ ಇತ್ತು. ನನಗೆ ಕರಾವಳಿಯಲ್ಲಿ ನೋಡಿದ, ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಔಟ್‌ಬೋರ್ಡ್ ಇಂಜಿನ್ ಬೇಕಿತ್ತು. ಅದು ನಯವಾಗಿ ಓಡುತ್ತದೆ, ವೇಗವೂ ಇದೆ. ಆದರೆ ಅದರ ಪಂಖ ಮತ್ತು ಪಂಖದ ಕೆಳಗಿನ ರೆಕ್ಕೆ ದೋಣಿಯ ತಳಕ್ಕಿಂತ ಒಂದು ಗೇಣು ಕೆಳಗಿರುತ್ತವೆ. ಐದು ಇಂಚು ಕೂರುವ ದೋಣಿಗೆ ಅದನ್ನು ಕಟ್ಟಿದರೆ ಹದಿನಾಲ್ಕು ಇಂಚಿನ ದೋಣಿಯಾಯಿತು. ಅದಕ್ಕಿಂತ ಮುಖ್ಯವಾದ ದೋಷ ಬೇರೆಯೇ ಇದೆ. ಔಟ್‌ಬೋರ್ಡ್ ತಾನು ಓಡುವ ನೀರನ್ನೇ ಹೀರಿಕೊಂಡು ತಣ್ಣಗಾಗುತ್ತದೆ. ನಮ್ಮ ಅಂಚಿನ ನೀರೆಂದರೆ ಬೇಸಿಗೆಯಲ್ಲಿ ಹೂಳು, ಕೆಲವು ವರ್ಷ ಚಳಿಗಾಲದಲ್ಲಿ ಪಾಚಿಯಿಂದ ಹಸಿರು ಬಣ್ಣದ ಗಂಜಿ. ಹೂಳು ನೀರೆತ್ತುವ ಪಂಪಿನ ರಬ್ಬರನ್ನು ಸವೆಸುತ್ತದೆ, ದಾರಿ ಕಟ್ಟಿದರೆ ಇಂಜಿನ್ ಕಾಯುತ್ತದೆ, ಕಾದ ಇಂಜಿನ್ನನ್ನು ಕರಾವಳಿಗೆ ಒಯ್ಯಬೇಕಾಗುತ್ತದೆ.

ಉದ್ದಬಾಲದ ಇಂಜಿನ್ ಎಂಬುದು ಇನ್ನೊಂದು ಬಗೆ. ಹೊಲದ ಪಂಪಿಗೆ ಹಾಕುವಂಥದೇ ಆರೂವರೆ ಅಶ್ವಶಕ್ತಿಯ ಗಾಳಿಯಿಂದ ತಣಿಯುವ ಪೆಟ್ರೋಲ್ ಇಂಜಿನ್ನಿಗೆ ಉದ್ದನೆಯ ಕೊಳವೆ, ಕೊಳವೆಯೊಳಗೆ ಸರಳು, ತುದಿಯಲ್ಲಿ ಪಂಖ. ಕೊಳವೆ ಹೆಚ್ಚುಕಡಿಮೆ ಅಡ್ಡಲಾಗಿ ಹಿಂದಕ್ಕೆ ಚಾಚಿಕೊಳ್ಳುವುದರಿಂದ ಪಂಖವನ್ನು ನೀರಿನ ಮೇಲ್ಮೈಯ ಕೆಳಗೆ ಎಷ್ಟು ಬೇಕೋ ಅಷ್ಟೇ ಅದ್ದಬಹುದು, ಕೊರಡು ಕಂಡರೆ ಹಿಡಿಯನ್ನು ಒತ್ತಿ ಒಂದೇ ಕ್ಷಣದಲ್ಲಿ ಮೇಲೆತ್ತಬಹುದು. ಸದ್ದು ವಿಪರೀತ. ಇಕ್ಕಟ್ಟಿನಲ್ಲಿ ತಿರುಗಿಸಲು ತೋಳಿನಲ್ಲಿ ಬಲ ಬೇಕು, ವೇಗ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು ಮಾತ್ರ, ಹಿಂದೆ ತೆರೆದುಕೊಂಡು ತಿರುಗುವ ಪಂಖದ ಬಗ್ಗೆ ಸದಾ ಎಚ್ಚರವಿರಬೇಕು. ಕಾಕಾ ಇದನ್ನು ಆರಿಸಿದ್ದು ಇವಾವುದನ್ನೂ ತೂಗಿ ಅಲ್ಲ. ಇಂಜಿನ್ನನ್ನು ಒಮ್ಮೆ ನೋಡಿ, "ಇದು ನಮ್ಮ ಹೊಲದಾಗಿಂದು. ಕೆಟ್ರ ಗಂಗಾವತ್ಯಾಗ ಮಾಡಿಸ್ತೀನಿ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಭತ್ತದ ಸೀಮೆಯಲ್ಲಿ ಪಂಪಿನ ಇಂಜಿನ್ ಬಿಚ್ಚಿ ಕೂಡಿಸುವ ಮೆಕ್ಯಾನಿಕ್ ಗಲ್ಲಿಗೊಬ್ಬ ಸಿಗುತ್ತಾನೆ.

ತೇಲುವಿಕೆಯ ಪರೀಕ್ಷೆಯನ್ನು ಮಾಡಿಸಿದ್ದು ನನ್ನ ಹಟ. ಆಸನಗಳ ಕೆಳಗೆ ಫೋಮ್ ತುಂಬಿದ್ದೇವೆ, ಮುಳುಗುವುದಿಲ್ಲ ಎಂದು ತಯಾರಕರು ಹೇಳಿದ್ದರು. ಇಂಜಿನ್ ಬಿಚ್ಚಿ ಅದರಷ್ಟೇ ತೂಕದ ಕಬ್ಬಿಣವನ್ನು ಹಿಂಬದಿಗೆ ಕಟ್ಟಿ, ಸೊಂಟದ ಮಟ್ಟದ ನೀರಿನಲ್ಲಿ ತಳದ ಬಿರಡೆ ತೆಗೆದು, ಬಕೆಟ್ಟಿನಿಂದಲೂ ನೀರು ಸುರಿದು ದೋಣಿಯನ್ನು ಅಂಚಿನವರೆಗೆ ತುಂಬಿಸಿದೆವು. ಅದು ಅಂಚನ್ನಷ್ಟೇ ಮೇಲಿಟ್ಟುಕೊಂಡು ಮಟ್ಟಸವಾಗಿ ತೇಲಿತು. ನಾವಿಬ್ಬರೂ ಪಕ್ಕೆ ಹಿಡಿದು ಜೋತುಬಿದ್ದರೂ ಕೆಳಗಿಳಿಯಲಿಲ್ಲ. ಒಂದು ಲೀಟರು ಫೋಮ್ ಹೆಚ್ಚುಕಡಿಮೆ ಒಂದು ಕೆ.ಜಿ.ಯನ್ನು ಹಿಡಿದಿಡುತ್ತದೆ, ಫೈಬರ್ ನೀರಿನೊಳಗೆ ತನ್ನ ತೂಕದಲ್ಲಿ ಬಹುಪಾಲನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ನೂರೈವತ್ತು ಲೀಟರಿನಷ್ಟು ಫೋಮ್ ಇದ್ದರೆ ನಮ್ಮ ದೋಣಿಗೆ ಸಾಕು ಎಂದು ನಾನು ಲೆಕ್ಕ ಹಾಕಿದ್ದೆ. ದಂಡೆಯಲ್ಲಿ ನಿಂತು ನೋಡುತ್ತಿದ್ದವರು, ಹೊಸ ದೋಣಿಯನ್ನು ಮೊದಲನೆಯ ದಿನವೇ ಮುಳುಗಿಸುತ್ತಿರುವ ನಮ್ಮನ್ನು ಕಂಡು ಏನೆಂದುಕೊಂಡರೋ ತಿಳಿಯದು.

ಒಂದು ಬದಲಾವಣೆಯನ್ನು ಮಾತ್ರ ಹೇಳಿ ಮಾಡಿಸಿಕೊಂಡೆವು. ಚಪ್ಪಟೆ ತಳಕ್ಕೆ ನೀರಿನಲ್ಲಿ ಹಿಡಿತವಿಲ್ಲ. ಪಕ್ಕದಿಂದ ಗಾಳಿ ಬೀಸಿದರೆ ಏಡಿಯಂತೆ ಅಡ್ಡಡ್ಡಲಾಗಿ ಹೋಗುತ್ತದೆ. ಬಲೆ ಬಿಡುವಾಗ ಇದು ಸಣ್ಣ ತೊಂದರೆಯಲ್ಲ, ಏಕೆಂದರೆ ದೋಣಿಯೇ ತನ್ನ ಬಲೆಯ ಮೇಲೆ ಬಂದು ಕೂರುತ್ತದೆ. ತಳದ ಉದ್ದಕ್ಕೂ ಒಂದೂವರೆ ಇಂಚು ಎತ್ತರದ ಮೂರು ಪಟ್ಟಿಗಳನ್ನು ಕೂರಿಸಿ ಫೈಬರ್ ಹೊದಿಸಲು ಹೇಳಿದೆವು. ಅವು ದೋಣಿಯನ್ನು ನೆಟ್ಟಗೆ ನಡೆಸುತ್ತವೆ, ಕಲ್ಲಿನ ಮೇಲೆ ಎಳೆದಾಗ ತಳದ ಬದಲು ತಾವು ಸವೆಯುತ್ತವೆ. ಆಳಕ್ಕೆ ಒಂದೂವರೆ ಇಂಚು ಕೂಡಿತು ನಿಜ, ಆದರೂ ಆರೂವರೆ ಇಂಚು ಗೇಣಿನೊಳಗೇ ಇತ್ತು. ಪೈಪು ಸಿಕ್ಕಿಸಿ ಗಳಿಸಿದ್ದನ್ನು ಪಟ್ಟಿಗೆ ಕೊಟ್ಟೆವು.

ಹಣ ಮತ್ತು ಕಾಗದದ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೋಣಿ, ಇಂಜಿನ್, ಪಟ್ಟಿ, ಸಾಗಣೆ, ಎರಡು ತೇಲುವ ಜಾಕೆಟ್ಟು ಸೇರಿ ಒಂದು ಲಕ್ಷದ ಮೂವತ್ತು ಸಾವಿರ ತಲುಪಿತು. ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಆಗ ಸಾಮಾನ್ಯ ವರ್ಗಕ್ಕೆ 40 ಪ್ರತಿಶತ, ಮಹಿಳೆಯರಿಗೂ ಪರಿಶಿಷ್ಟರಿಗೂ 60 ಪ್ರತಿಶತ ನೆರವಿತ್ತು, ಅದು ಗೊತ್ತಿದ್ದರೂ ನಾವು ಅರ್ಜಿ ಹಾಕುವಷ್ಟು ದಿನ ಕಾಯಲಿಲ್ಲ. ಅವಸರದವರು ನಾವು, ಅದಕ್ಕೆ ಬೇರೆಯವರನ್ನು ದೂರುವಂತಿಲ್ಲ.

ಗಾಳಿಯ ಪರೀಕ್ಷೆಯನ್ನು ಆಷಾಢವೇ ಮಾಡಿತು. ಪಡುವಣದ ಗಾಳಿ ಆ ತಿಂಗಳಲ್ಲಿ ನಮ್ಮ ಕಡೆ ಮನೆಯ ತಗಡು ಹಾರಿಸುವಂತೆ ಬೀಸುತ್ತದೆ, ಹಿನ್ನೀರಿನ ಅಗಲವಾದ ಕಡೆ ಅಡ್ಡಿಯಿಲ್ಲದೆ ಓಡಿಬಂದು ಎರಡು ಅಡಿಯ ಗಿಡ್ಡ ಅಲೆಗಳನ್ನು ಎಬ್ಬಿಸುತ್ತದೆ. ಒಂದು ಸಂಜೆ ಬಲೆಯಿಂದ ಮರಳುವಾಗ ಗಾಳಿ ಎದ್ದಿತು. ಚಪ್ಪಟೆ ತಳ ಪ್ರತಿಯೊಂದು ಅಲೆಯ ಮೇಲೂ ಹಲಗೆ ಬಡಿದಂತೆ ಬಡಿಯಿತು, ಮೂತಿಯಿಂದ ನೀರು ಮುಖಕ್ಕೆ ಹಾರಿತು, ಕರಾವಳಿಯ ಮೇಸ್ತ್ರಿ ಹೇಳಿದ ಬೆನ್ನು ಮುರಿಯುವ ಮಾತು ಚೆನ್ನಾಗಿಯೇ ನೆನಪಾಯಿತು. ಐಸಿನ ಪೆಟ್ಟಿಗೆಯನ್ನು ನಡುವಿಗೆ ಎಳೆದು ಮೂತಿಯನ್ನು ಹಗುರ ಮಾಡಿ, ಅಲೆಗೆ ಓರೆಯಾಗಿ, ನಡೆಯುವ ವೇಗದಲ್ಲಿ ಬಂದೆವು. ಅಂದರೆ ಅಂಚಿನ ಕೆಸರಿಗೆ ಸರಿಯಾದ ತೂಕದ ಜಾಗವೇ ನಡುನೀರಿನ ಅಲೆಗೆ ತಪ್ಪು ಜಾಗ. ಈಗ ಪೆಟ್ಟಿಗೆಯ ಕೆಳಗೆ ಎರಡು ಬಿದಿರಿನ ದಬ್ಬೆ ಹಾಕಿ ಸುಲಭವಾಗಿ ಜಾರುವಂತೆ ಮಾಡಿದ್ದೇವೆ. ಆಷಾಢದಲ್ಲಿ ಮಧ್ಯಾಹ್ನದ ಮೇಲೆ ಅಗಲ ನೀರನ್ನು ದಾಟುವುದನ್ನು ನಿಲ್ಲಿಸಿದ್ದೇವೆ. ವಿ ತಳದ ದೋಣಿಯಿದ್ದವನು ದಾಟುತ್ತಿದ್ದನೇನೋ, ಆದರೆ ಅವನು ಬೇಸಿಗೆಯಲ್ಲಿ ದಂಡೆಗೇ ಬರುತ್ತಿರಲಿಲ್ಲ.

ಚಪ್ಪಟೆ ತಳಕ್ಕೆ ಇನ್ನೊಂದು ದುರ್ಗುಣವಿದೆ, ಅದನ್ನು ಯಾವ ಮಾರಾಟಗಾರನೂ ಹೇಳಲಿಲ್ಲ. ಎರೆಮಣ್ಣಿನ ಕೆಸರಿನ ಮೇಲೆ ಒಮ್ಮೆ ಕುಳಿತರೆ ತಳ ಅಂಟಿಕೊಳ್ಳುತ್ತದೆ, ಎಳೆದಷ್ಟೂ ಕಚ್ಚಿ ಹಿಡಿಯುತ್ತದೆ. ಏಪ್ರಿಲಿನಲ್ಲಿ ಮೊದಲ ಸಲ ಹೀಗಾದಾಗ ನಾನು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮೂತಿ ಹಿಡಿದು ಜಗ್ಗಿ ಸೋತೆ. ಕಾಕಾ ದೋಣಿಯಿಂದ ಇಳಿಯಲೇ ಇಲ್ಲ. ನಡುವೆ ಎರಡು ಕಾಲು ಅಗಲಿಸಿ ನಿಂತು, ತೊಟ್ಟಿಲು ತೂಗಿದಂತೆ ಎಡಕ್ಕೆ ಬಲಕ್ಕೆ ಭಾರ ಹಾಕಿದರು. ತಳದ ಒಂದು ಅಂಚು ಎದ್ದು, ಅದರ ಕೆಳಗೆ ನೀರು ನುಗ್ಗಿ, ಗಳಕ್ ಎಂಬ ಸದ್ದಿನೊಡನೆ ದೋಣಿ ಬಿಟ್ಟುಕೊಂಡಿತು. "ಎಮ್ಮಿ ಎಬ್ಬಿಸಿದಂಗ. ಮೂಗುದಾಣ ಜಗ್ಗಬಾರದು" ಎಂದರು.

2025ರಲ್ಲಿ ಗೇಟುಗಳ ಸುರಕ್ಷತೆಗಾಗಿ ಜಲಾಶಯವನ್ನು ಪೂರ್ತಿ ತುಂಬಿಸದೆ 80 ಟಿಎಂಸಿ ಅಡಿಯ ಆಸುಪಾಸಿಗೆ ನಿಲ್ಲಿಸಿದರು. ಮಳೆಗಾಲದಲ್ಲಿಯೂ ನಮ್ಮ ಬೇವಿನ ಮರದ ಬುಡಕ್ಕೆ ನೀರು ಬರಲಿಲ್ಲ. ದೋಣಿಯನ್ನು ಕಟ್ಟಲು ಹೊಸ ಜಾಗ ಹುಡುಕಿದೆವು, ಮುಳುಗಿದ ಹೊಲವೊಂದರ ಬದುವಿನ ಪಕ್ಕ, ಸದಾ ಒಂದು ಗೇಣಿಗಿಂತ ತುಸು ಹೆಚ್ಚು ನೀರು ನಿಲ್ಲುವ ಕಡೆ. ಕಾಕಾ ಗಳದ ಬುಡದಿಂದ ಒಂದು ಗೇಣು ಅಳೆದು ಕುಡುಗೋಲಿನಿಂದ ಕಚ್ಚು ಹಾಕಿದ್ದಾರೆ. ಕಚ್ಚು ನೀರಿನ ಮೇಲೆ ಕಂಡಿತೆಂದರೆ ಇಂಜಿನ್ ಎತ್ತಿ ಗಳ ಹಾಕುವುದು ಎಂಬುದು ನಮ್ಮ ದೋಣಿಯ ನಿಯಮ. ಹರಿಗೋಲನ್ನು ಮಾರಲಿಲ್ಲ. ಅದನ್ನು ಹಿಂದೆ ಕಟ್ಟಿಕೊಂಡು ಹೋಗುತ್ತೇವೆ. ಬಳ್ಳಾರಿ ಜಾಲಿಯ ನಡುವಿನ ಬಲೆಯನ್ನು ಎತ್ತಲು ಕಾಕಾ ಅದರೊಳಗೆ ಇಳಿದು, ಸುತ್ತುತ್ತ ಸುತ್ತುತ್ತ ಒಳಗೆ ಹೋಗಿ, ಮೀನು ತುಂಬಿದ ಬಲೆಯೊಡನೆ ಸುತ್ತುತ್ತಲೇ ಹೊರಗೆ ಬರುತ್ತಾರೆ. ಅಷ್ಟು ಹೊತ್ತು ನಾನು ಐಸಿನ ಪೆಟ್ಟಿಗೆಯನ್ನು ಮೂತಿಗೆ ಸರಿಸಿಕೊಂಡು, ಇಂಜಿನ್ ಆರಿಸಿ, ಹೊರಗೆ ಕಾಯುತ್ತಿರುತ್ತೇನೆ.